ಮೊಬೈಲಿನಲ್ಲಿ ಬಿದ್ದ ಹಾರ

ತನ್ವಿ, ಧನುಷ್,

ಕಳೆದ ವಾರ ತೊಕ್ಕೊಟ್ಟಿನಲ್ಲಿ ನಿಮ್ಮಿಬ್ಬರ ಕೈ ಹಿಡಿದು ಸರ್ರನೆ ರಸ್ತೆಯ ಆಚೆಗೆ ಎಳೆದುಕೊಂಡು ಹೋದೆನಲ್ಲ, ಆ ಗಡಿಬಿಡಿಯಲ್ಲಿ ಧನುಷ್‌ನ ಐಸ್‌ಕ್ರೀಮ್ ಕೂಡ ಬಿದ್ದುಹೋಯಿತಲ್ಲ, ಅದಕ್ಕೆ ಕಾರಣ ಕೇಳಿದಿರಿ. "ಬಿಸಿಲು" ಎಂದೆ. ಬಿಸಿಲಲ್ಲ. ಅಲ್ಲಿ ಫ್ಲೆಕ್ಸ್ ಮುದ್ರಿಸುವ ಒಂದು ಅಂಗಡಿಯಿದೆ. ಆಗಷ್ಟೇ ಮುದ್ರಿಸಿದ ಫ್ಲೆಕ್ಸನ್ನು ಬಾಗಿಲಲ್ಲಿ ಒಣಗಲು ಬಿಟ್ಟಿದ್ದರು. ಬಣ್ಣ, ಪ್ಲಾಸ್ಟಿಕ್, ಸೀಮೆಎಣ್ಣೆ ಕಲಸಿದಂಥ ಆ ಘಾಟು ಮೂಗಿಗೆ ಬಡಿದರೆ ಇಂದಿಗೂ ನಾನು ಅಲ್ಲಿ ನಿಲ್ಲಲಾರೆ. ಏಕೆಂದು ಬಾಯಿಬಿಟ್ಟು ಹೇಳಲು ನನ್ನಿಂದಾಗದು. ನಾಲ್ಕು ಜನ ಸೇರಿದಲ್ಲಿ ನನಗೆ ಮಾತು ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೂ ಹಿಂದಿನ ಬೆಂಚಿನಲ್ಲೇ ಕುಳಿತವಳು. ಮನೆಯಲ್ಲಿ ನಾವು ಆಡುವುದು ತುಳು. ಬರೆಯುವುದಕ್ಕೆ ನನಗೆ ಗೊತ್ತಿರುವುದು ಆ ಶಾಲೆ ಕಲಿಸಿದ ಕನ್ನಡ ಮಾತ್ರ. ಅದರಲ್ಲೇ ಬರೆಯುತ್ತೇನೆ.

ತನ್ವಿ ಒಂದನೆಯ ಕ್ಲಾಸಿಗೆ ಸೇರಿದ ವರ್ಷದ ಮಾತು ಇದು. ಧನುಷ್ ಆಗ ತೊಟ್ಟಿಲಿನಲ್ಲಿದ್ದ. ನಾನು ಇನ್ನೂ ನಿಮ್ಮ ಮಣ್ಣಗುಡ್ಡದ ಮನೆಗೆ ಬಂದಿರಲಿಲ್ಲ. ತೊಕ್ಕೊಟ್ಟಿನಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮದೇ ಒಂದು ಚಿಕ್ಕ ಹೆಂಚಿನ ಮನೆಯಿತ್ತು, ಅಲ್ಲಿದ್ದೆ.

ನಿಮ್ಮ ಅಜ್ಜನನ್ನು ನೀವು ನೋಡಿಲ್ಲ. ಹೆಸರು ವಾಸು. ನೇತ್ರಾವತಿಯಲ್ಲಿ ಮರಳು ತೆಗೆಯುವ ದೋಣಿ ಇತ್ತು ಅವರಿಗೆ. ಕೋಲು ಊರಿ ನೀರಿಗಿಳಿದು ಬುಟ್ಟಿಯಲ್ಲಿ ಮರಳು ಎತ್ತುವ ಹಳೆಯ ಕಾಲದ ಕೆಲಸ. ಆಮೇಲೆ ಹೊಳೆಗೆ ಯಂತ್ರಗಳು ಬಂದವು. ಒಂದೇ ಸಮನೆ ಮರಳು ಹೀರುವ ಯಂತ್ರ, ದಡದಲ್ಲಿ ಸಾಲು ಟಿಪ್ಪರ್ ಲಾರಿ. ಅದೆಲ್ಲ ಒಬ್ಬನದು. ಅವನ ಹೆಸರು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಅವನು 'ಅಣ್ಣ'. ನಾನೂ ಹಾಗೆಯೇ ಬರೆಯುತ್ತೇನೆ. ನಿಮ್ಮ ಅಜ್ಜ ದೋಣಿಯವರನ್ನೆಲ್ಲ ಸೇರಿಸಿ ಸರಕಾರಕ್ಕೆ ದೂರು ಕೊಟ್ಟರು. ಅದಾಗಿ ಸ್ವಲ್ಪ ದಿನಕ್ಕೆ, ಮಾತಾಡಿ ಮುಗಿಸೋಣ ಎಂದು ಯಾರೋ ಕರೆದರು. ಬೆಳಿಗ್ಗೆ ಗಂಜಿ ಊಟ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದರು. ತೊಕ್ಕೊಟ್ಟು ಜಂಕ್ಷನಿನಲ್ಲಿ ಚಾ ಕುಡಿದು ಒಂದು ಜೀಪು ಹತ್ತಿದ್ದನ್ನು ಹೋಟೆಲಿನವರು ನೋಡಿದ್ದಾರೆ. ಅಷ್ಟೇ. ಮತ್ತೆ ಬರಲಿಲ್ಲ. ತನ್ವಿ, ಆಗ ನೀನು ಅಮ್ಮನ ಹೊಟ್ಟೆಯಲ್ಲಿದ್ದೆ.

ಹೊಳೆಯಲ್ಲಿ ಹುಡುಕಿದರು, ಸಿಗಲಿಲ್ಲ. ಗಲ್ಫಿಗೆ ಓಡಿಹೋಗಿರಬೇಕು ಎಂದು ಊರಲ್ಲಿ ಮಾತಾಯಿತು. ಪಾಸ್‌ಪೋರ್ಟೇ ಇಲ್ಲದ ಮನುಷ್ಯ! ಅವರ ಅಕ್ಕ ಗಿರಿಜತ್ತಿಗೆ ಮಾತ್ರ ಒಂದು ಮಾತು ಹೇಳಿದ್ದರು. "ಜಲಜಾ, ಅವ ಇಲ್ಲ ಅಂತ ನಿನ್ನ ಬಾಯಿಂದ ಬರುವವರೆಗೆ ನಾವು ಅವನಿಗೆ ಎಲೆ ಬಡಿಸುದಿಲ್ಲ." ನಮ್ಮಲ್ಲಿ ಗಂಡಸಿನ ಕುಟುಂಬವೆಂದರೆ ಅವನ ತಾಯಿಯ ಮನೆ. ಸತ್ತವರನ್ನು ಹಿರಿಯರ ಸಾಲಿಗೆ ಸೇರಿಸಿ ಎಲೆ ಬಡಿಸುವುದು ಆ ಮನೆಯಲ್ಲಿ, ಅಕ್ಕತಂಗಿಯರು ಮತ್ತು ಅವರ ಗಂಡುಮಕ್ಕಳು. ಹೆಂಡತಿ ಅಲ್ಲಿಗೆ ನೆಂಟಳು. ಹಾಗಿದ್ದೂ ಅತ್ತಿಗೆ ನನ್ನ ಮಾತಿಗೆ ಕಾದರು. ನಾನು ಹೇಳಲಿಲ್ಲ. ಕರಿಮಣಿ ಕುತ್ತಿಗೆಯಲ್ಲೇ ಇತ್ತು.

ಗಿರಿಜತ್ತಿಗೆಯ ಮಗನೇ ಪ್ರವೀಣ. ನಿಮ್ಮ ಪ್ರವೀಣ್ ಅಂಕಲ್. ಹೈಸ್ಕೂಲಿಗೆ ಹತ್ತಿರವಾಗುತ್ತದೆ ಎಂದು ನಮ್ಮ ಮನೆಯಲ್ಲಿ ಇದ್ದು ಬೆಳೆದವನು. ಅವನಿಗೆ ಮೀಸೆ ಬಂದದ್ದನ್ನು ಅವನು ಮೊದಲು ನೋಡಿಕೊಂಡದ್ದು ನಮ್ಮ ಬಾಗಿಲ ಕನ್ನಡಿಯಲ್ಲಿ. ಮಾಮನ ಸೈಕಲಿನ ಹಿಂದೆ ಕುಳಿತೇ ಪೇಟೆ ಕಲಿತ. ಆ ವರ್ಷ ಅವನು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಕೆಲಸಕ್ಕಿದ್ದ. ಬೇಸಿಗೆಯ ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ.

"ಮಾಮಿ, ಪೇಪರಿನಲ್ಲಿ ಬಂದದ್ದು ಮರುದಿನ ಬೂತಾಯಿ ಮೀನು ಕಟ್ಲಿಕ್ಕೆ ಹೋಗ್ತದೆ. ನಾನು ಮಾಮನಿಗೆ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡ್ತೇನೆ. ದುಬೈಯಲ್ಲಿ ಕೂತವರೂ ನೋಡ್ಬಹುದು."

ಅದಕ್ಕೆ 'ಎಲ್ಲಿದ್ದೀರಿ' ಎಂದು ಹೆಸರಿಟ್ಟ. ಮಾಮನ ಫೋಟೊ ಹಾಕಿದ. ಕೊನೆಗೆ ಕಂಡದ್ದು ಎಲ್ಲಿ, ತೊಟ್ಟದ್ದು ಎಂತ, ಯಾವ ವಾಹನ, ಎಲ್ಲ ಬರೆದ. ಇಷ್ಟದ ಊಟ ಯಾವುದು ಎಂದು ಕೇಳಿದಾಗ ನಾನು ನಾಚಿಕೊಂಡು ನೀರುದೋಸೆ, ಮರುವಾಯಿ ಸುಕ್ಕ ಎಂದೆ. ಮರುವಾಯಿ ಎಂದರೆ ನೀವು ಚಿಪ್ಪು ಎಣಿಸಿ ತಿನ್ನುತ್ತೀರಲ್ಲ, ಹೊಳೆಯದ್ದು, ಅದೇ. ಅದನ್ನೂ ಬರೆದ. ಒಂದು ನಿಯಮ ಅವನೇ ಹೇಳಿದ: "ಹಾರ ಇಲ್ಲ, ದೀಪ ಇಲ್ಲ, ದಿವಂಗತ ಅಂತ ಬರೀಲಿಕ್ಕಿಲ್ಲ. ಇದು ಕಾಯುವವರ ಪುಟ." ನನಗೊಂದು ಮೊಬೈಲ್ ತಂದುಕೊಟ್ಟು ಕಲಿಸಿದ. ಬೆಳಿಗ್ಗೆ ಎದ್ದು ಫೋಟೊದ ಕೆಳಗೆ ಬೆರಳು ಒತ್ತಿದರೆ 'ಜಲಜ, ಪತ್ನಿ, ಇಂದೂ ಕಾಯುತ್ತಿದ್ದಾರೆ' ಎಂದು ಬರುತ್ತಿತ್ತು. ಮುಖ ತೊಳೆದು ಬಂದು ನಾನು ಮೊದಲು ಮಾಡುತ್ತಿದ್ದ ಕೆಲಸ ಅದು. ದೇವರ ಫೋಟೊ ಆಮೇಲೆ.

ನಿಮ್ಮ ಅಜ್ಜನೊಬ್ಬರ ಪುಟವಾಗಿ ಅದು ಉಳಿಯಲಿಲ್ಲ. ಮನೆಯ ಗಂಡಸು ಹೀಗೆಯೇ ಜೀಪೋ ಕಾರೋ ಹತ್ತಿ ಹೋಗಿ ಬಾರದೆ ಇದ್ದವರು ಒಬ್ಬೊಬ್ಬರಾಗಿ ಪ್ರವೀಣನಿಗೆ ಫೋನ್ ಮಾಡಿದರು. ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಸೇರುತ್ತಿದ್ದರು. ಹಾಗೆ ಪರಿಚಯವಾದವಳು ಮೈಮೂನ. ಅವಳ ಮಗ ನೌಫಲ್ ಗಲ್ಫಿನಿಂದ ಬರುವಾಗ ಯಾರದೋ ಚೀಲ ತಂದಿದ್ದನಂತೆ. ವಿಮಾನ ನಿಲ್ದಾಣದ ಹೊರಗೆ ಯಾರೋ ಅವನನ್ನು ಕಾರಿಗೆ ಹತ್ತಿಸಿಕೊಂಡರು. ಮನೆಗೆ ಅವನೂ ಬರಲಿಲ್ಲ, ತಂಗಿಗೆ ತಂದ ಚಾಕಲೇಟೂ ಬರಲಿಲ್ಲ. ಮೈಮೂನ ಅಳುವಾಗಲೂ ನಗಿಸುತ್ತಿದ್ದಳು. ಮಗನ ಫೋಟೊ ಪುಟದಲ್ಲಿ ಬಂದಾಗ ಮೊಬೈಲನ್ನು ದೂರ ಹಿಡಿದು ನೋಡಿ, "ಎಂತ ಮಾರಾಯ ಇವ, ಬಾಡಿಗೆ ಬಾಕಿ ಇಟ್ಟವನ ಹಾಗೆ ನಿಂತಿದ್ದಾನೆ! ನಗುವ ಫೋಟೊ ಇಲ್ವಾ ಪ್ರವೀಣ?" ಎಂದಳು. ಜಗಲಿಯೆಲ್ಲ ನಕ್ಕಿತು. ಅಷ್ಟು ವರ್ಷಗಳಲ್ಲಿ ಆ ಜಗಲಿಯಲ್ಲಿ ನಗು ಕೇಳಿದ್ದು ಅದೇ ಮೊದಲು. ನಾನು ಒಳಗಿನಿಂದ ಚಾ ತರುತ್ತಿದ್ದೆ. ಮಾತಾಡದಿದ್ದರೂ ನಡೆಯುತ್ತಿತ್ತು.

ಮೊದಲ ಮಳೆ ಬಿದ್ದ ವಾರ ಪುಟಕ್ಕೆ ಒಂದು ಧ್ವನಿ ಬಂತು. ಹೆಸರು ಹೇಳದ ಒಬ್ಬ ಲಾರಿ ಡ್ರೈವರ್ ತನ್ನ ಮಾತನ್ನು ರೆಕಾರ್ಡ್ ಮಾಡಿ ಕಳಿಸಿದ್ದ. ನಿಮ್ಮ ಅಜ್ಜನನ್ನು ಎಲ್ಲಿಗೆ ಕರೆದುಕೊಂಡು ಹೋದರು ಎಂಬುದು ಅದರಲ್ಲಿತ್ತು. ಅದನ್ನು ಎಷ್ಟು ಸಲ ಕೇಳಿದೆನೆಂದರೆ ನನಗೆ ಅದು ಬಾಯಿಪಾಠವಾಗಿದೆ. ಹೀಗಿತ್ತು:

"ವಾಸಣ್ಣನ ಹೆಂಡತಿಗೆ ಹೇಳಿ, ನಾನು ಆ ದಿನ ಲೋಡಿಗೆ ಹೋಗಿದ್ದೆ. ಮರಳು ರಾಶಿ ಹಾಕುವ ಅಂಗಳಕ್ಕೆ ಜೀಪು ಬಂತು. ವಾಸಣ್ಣ ಇಳಿದದ್ದು ನೋಡಿದೆ. ಹಳೆ ತೂಕದ ಕೋಣೆ ಉಂಟಲ್ಲ, ಅದರ ಹಿಂದೆ ಕರ್ಕೊಂಡು ಹೋದ್ರು. ನಮ್ಮನ್ನೆಲ್ಲ ಲಾರಿ ಬಿಟ್ಟು ಹೊರಗೆ ನಿಲ್ಲಿ ಅಂದ್ರು. ವಾಪಸ್ ಹೋಗುವಾಗ ಜೀಪಿನಲ್ಲಿ ಅವರು ಇರ್ಲಿಲ್ಲ. ಮರುದಿನ ನೋಡುವಾಗ ಕೋಣೆಯ ಹಿಂದೆ ಹೊಸ ಮಣ್ಣು ಇತ್ತು. ನನಗೂ ಮಕ್ಕಳುಂಟು, ಇಷ್ಟೇ ಹೇಳ್ಲಿಕ್ಕೆ ಆಗುದು."

ಠಾಣೆಗೆ ಹೊಸದಾಗಿ ಬಂದಿದ್ದ ಅಧಿಕಾರಿಯೂ ಪುಟದಲ್ಲಿ ಅದನ್ನು ಕೇಳಿದರು. ನನ್ನನ್ನು ಕರೆಸಿ ಕುರ್ಚಿ ಕೊಟ್ಟು ಕೂರಿಸಿ ಕೇಳಿದರು. ಮೈಮೂನ ನನ್ನ ಪಕ್ಕ ಕುಳಿತು ನಾನು ಹೇಳಲಾಗದ್ದನ್ನು ಹೇಳಿದಳು. "ಅಮ್ಮಾ, ಈಗ ಅಗೆದರೆ ನೀರು ತುಂಬ್ತದೆ. ಮಳೆ ಕಡಿಮೆ ಆಗ್ಲಿ, ಆ ಜಾಗ ಅಗೆಸಿ ನೋಡುವ. ಆ ಧ್ವನಿ ಜೋಪಾನವಾಗಿರಲಿ, ಆ ಡ್ರೈವರನ್ನು ನಾವು ಹುಡುಕ್ತೇವೆ" ಎಂದರು. ನಾನು ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ಮುಖ ಹಾಕಿ ಅತ್ತೆ. ಬದುಕಿದ್ದಾರೆಂಬ ಆಸೆ ಡ್ರೈವರನ ಮಾತಿನೊಂದಿಗೇ ಹೋಗಿತ್ತು, ಮಕ್ಕಳೇ. ಸುಳ್ಳು ಹೇಳುವುದಿಲ್ಲ. ಆದರೆ ಅವರನ್ನು ಅಲ್ಲಿಂದ ಎತ್ತಬೇಕಿತ್ತು. ಯಾರು ಹಾಕಿದರೋ ಅವರು ಬಂದು ಉತ್ತರ ಹೇಳಬೇಕಿತ್ತು. ಅಲ್ಲಿಯವರೆಗೆ ಅವರನ್ನು ಸತ್ತವರ ಸಾಲಿಗೆ ಸೇರಿಸಲು ನಾನು ಬಿಡುತ್ತಿರಲಿಲ್ಲ. ಸೇರಿಸಿದರೆ ಕೇಳುವವರು ಯಾರು?

ಧ್ವನಿ ಪ್ರವೀಣನ ಹತ್ತಿರ ಪುಟದಲ್ಲೇ ಜೋಪಾನವಾಗಿದೆ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಮಗನಿಗಿಂತ ಹೆಚ್ಚಲ್ಲವೇ ಅವನು?

ಆ ಮಳೆಗಾಲ ಅವನು ಭಾನುವಾರಗಳಿಗೆ ತಪ್ಪಿಸತೊಡಗಿದ. ಸ್ವಂತ ಅಂಗಡಿ ಹಾಕಿದ್ದಾನೆ, ದೊಡ್ಡ ಮೆಷಿನ್ ಬಂದಿದೆ ಎಂದರು. ಇಷ್ಟು ಬೇಗ ಹೇಗೆ ಎಂದು ನಾನು ಕೇಳಲಿಲ್ಲ. ಹುಡುಗ ಮೇಲೆ ಬಂದ ಎಂದು ಸಂತೋಷಪಟ್ಟೆ. ಅಂಗಡಿಯ ಪೂಜೆಗೆ ಪತ್ರೊಡೆ ಮಾಡಿಕೊಂಡು ಹೋಗಿದ್ದೆ.

ಆಟಿ ತಿಂಗಳು ಬಂತು. ಸತ್ತವರಿಗೆ ಎಲೆ ಬಡಿಸುವ ತಿಂಗಳು. ಒಂದು ಬೆಳಿಗ್ಗೆ ಮಳೆ ಹೊಡೆಯುತ್ತಿತ್ತು, ಕರೆಂಟು ಇರಲಿಲ್ಲ, ಕನ್ನಡಕ ಎಲ್ಲಿಟ್ಟಿದ್ದೆನೋ. ಎಂದಿನಂತೆ ಫೋಟೊದ ಕೆಳಗೆ ಬೆರಳು ಒತ್ತಿದೆ. ಯಾವಾಗಲೂ ಇಲ್ಲದ ಒಂದು ಗಂಟೆಯ ಶಬ್ದ ಮೊಬೈಲಿನಿಂದ ಬಂತು. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ನಿಮ್ಮ ಅಜ್ಜನ ಫೋಟೊಕ್ಕೆ ಚೆಂಡುಹೂವಿನ ಹಾರ ಬಿದ್ದಿತ್ತು. ಕೆಳಗೆ ಒಂದು ದೀಪ ಉರಿಯುತ್ತಿತ್ತು. ಅದರ ಕೆಳಗೆ, 'ಮೊದಲ ದೀಪ ಬೆಳಗಿದವರು: ಜಲಜ, ಪತ್ನಿ.'

'ಎಲ್ಲಿದ್ದೀರಿ' ಎಂಬ ಹೆಸರು ಹೋಗಿ 'ಅಮರ ಸ್ಮರಣೆ' ಎಂದು ಬಂದಿತ್ತು. ಜೀಪಿನ ವಿಷಯವಿಲ್ಲ, ಜಂಕ್ಷನಿನ ವಿಷಯವಿಲ್ಲ, ಅಂಗಿಯ ಬಣ್ಣವಿಲ್ಲ. 'ನಮ್ಮನ್ನಗಲಿದ ಸ್ನೇಹಜೀವಿ' ಎಂದಿತ್ತು. ಡ್ರೈವರನ ಧ್ವನಿ ಎಲ್ಲಿಯೂ ಇರಲಿಲ್ಲ. ತುದಿಯಲ್ಲಿ, ಸೇವಾರ್ಥ ಎಂದು ಬರೆದು, ಅಣ್ಣನ ಟ್ರಸ್ಟಿನ ಹೆಸರಿತ್ತು.

ನಾನು ಇನ್ನೂ ಕೆಳಗೆ ಕೂರುವ ಮೊದಲೇ ಗಿರಿಜತ್ತಿಗೆಯ ಫೋನು ಬಂತು. ಅಳುತ್ತಿದ್ದರು. "ಅಂತೂ ನೀನೇ ದೀಪ ಇಟ್ಟೆಯಲ್ಲ ಜಲಜಾ. ಒಳ್ಳೆಯದಾಯ್ತು. ಇನ್ನು ಅವನನ್ನು ಹೊರಗೆ ನಿಲ್ಲಿಸುದು ಬೇಡ. ಈ ಆಟಿಯಲ್ಲೇ ಸೇರಿಸುವ." ನಾನಲ್ಲ ಎಂದು ಹೇಳಿದೆ. ನಾನು ಒತ್ತಿದ್ದು ಹೌದು, ಆದರೆ ನಾನಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಯಾರಿಗೆ ಅರ್ಥವಾದೀತು? ಕುಟುಂಬದವರೆಲ್ಲರ ಮೊಬೈಲಿನಲ್ಲಿಯೂ ಹೆಂಡತಿಯೇ ಇಟ್ಟ ದೀಪ ಉರಿಯುತ್ತಿತ್ತು.

ಮೈಮೂನ ನೆನೆದುಕೊಂಡು ಓಡಿಬಂದಳು. ಇಬ್ಬರೂ ಪ್ರವೀಣನ ಅಂಗಡಿಗೆ ಹೋದೆವು. ಒಳಗೆ ಆ ಘಾಟು. ಹೊಸ ಮೆಷಿನಿನಿಂದ ಅಣ್ಣನ ಮುಖ ಹಣೆಯಿಂದ ಶುರುವಾಗಿ ನಿಧಾನಕ್ಕೆ ಹೊರಗೆ ಬರುತ್ತಿತ್ತು. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್.

"ಕೂತ್ಕೊಳ್ಳಿ ಮಾಮಿ, ಚಾ ತರಿಸ್ತೇನೆ" ಎಂದ ಪ್ರವೀಣ.

"ಹಾರ ಯಾರು ಹಾಕಿದ್ದು?" ಎಂದೆ.

"ಡಿಸೈನ್ ಚೇಂಜ್ ಮಾಡಿದ್ದು, ಅಷ್ಟೇ. ಮೊದಲಿನದ್ದು ಠಾಣೆಯ ಬೋರ್ಡಿನ ಹಾಗೆ ಇತ್ತು."

ಮೈಮೂನ ತನ್ನ ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ನೌಫಲನ ಕುತ್ತಿಗೆಗೂ ಅದೇ ಚೆಂಡುಹೂವು. "ನಮ್ಮಲ್ಲಿ ಹಾರ ಹಾಕ್ಲಿಕ್ಕೆ ಉಂಟಾ ಮಾರಾಯ? ಸತ್ತರೂ ಹಾಕುದಿಲ್ಲ. ಇವ ಸತ್ತದ್ದನ್ನು ನೋಡಿದ್ದು ಯಾರು, ನೀನಾ?"

"ಎಲ್ಲರಿಗೂ ಒಂದೇ ಫ್ರೇಮ್ ಬರ್ತದೆ ಮೈಮೂನಕ್ಕ. ಬೇಕಾದ್ರೆ ನಿಮ್ಮದಕ್ಕೆ ಹಸಿರು ಬಾರ್ಡರ್ ಕೊಡ್ತೇನೆ."

"ಕೇಳಿದ್ರಾ ಜಲಜಕ್ಕ? ಮಗನನ್ನು ಕೇಳಿದ್ರೆ ಬಾರ್ಡರ್ ಕೊಡ್ತಾನಂತೆ ಇವ!"

ನಾನು ಕೇಳಿದೆ, "ಡ್ರೈವರನ ಮಾತು ಎಲ್ಲಿ ಪ್ರವೀಣ?"

ಅವನು ಪರದೆಯ ಕಡೆಗೆ ತಿರುಗಿದ. "ಅದು ಲೋಡ್ ಜಾಸ್ತಿಯಾಗಿ ಹೋಯ್ತು ಮಾಮಿ."

"ನಾನು ಹೇಳಿದ ಮರುವಾಯಿ ಸುಕ್ಕ ಹೋಗ್ಲಿಲ್ಲ. ನೀರುದೋಸೆ ಹೋಗ್ಲಿಲ್ಲ. ಅದೊಂದೇ ಹೋಯ್ತಾ?"

ಅವನು ಸಿಟ್ಟಿನಿಂದ ಹೇಳಿದ, "ಮಾಮ ಬರುದಿಲ್ಲ ಮಾಮಿ. ಅಗೆದರೂ ಸಿಗುದಿಲ್ಲ. ಸುಮ್ಮನೆ ಎಲ್ಲರಿಗೂ ತೊಂದ್ರೆ."

"ಅಗೆದರೆ ಸಿಗುದಿಲ್ಲಾಂತ ನಿನಗೆ ಹೇಳಿದ್ದು ಯಾರು?"

ಮೆಷಿನಿನಲ್ಲಿ ಅಣ್ಣನ ಗಲ್ಲ ಬಂದಿತ್ತು. ಹೊರಗೆ ಬಂದು ನಾನು ಚರಂಡಿಯ ಬದಿಯಲ್ಲಿ ವಾಂತಿ ಮಾಡಿದೆ. ಮೈಮೂನ ಬೆನ್ನು ಸವರುತ್ತಿದ್ದಳು.

ನಿಮ್ಮ ಅಮ್ಮನ ಹತ್ತಿರ ಹೇಳಿದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡು ಅಲ್ಲಿಂದಲೇ ಮಣ್ಣಗುಡ್ಡಕ್ಕೆ ಬಂದೆ. ರೇಷ್ಮಾ ಧನುಷ್‌ನನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು, ಕೈ ನಿಲ್ಲಿಸಲಿಲ್ಲ.

"ಪ್ರವೀಣ ನನ್ನ ಹತ್ರ ಮೊದಲೇ ಕೇಳಿದ್ದ ಅಮ್ಮ. ನಾನೇ ಹೂಂ ಅಂದದ್ದು."

"ನೀನಾ?"

"ತನ್ವಿಯ ಸ್ಕೂಲ್ ವ್ಯಾನಿನ ಹಿಂದೆ ಎರಡು ದಿನ ಒಂದು ಬೈಕ್ ಬಂತು. ಮೂರನೇ ದಿನ ಪ್ರವೀಣ ಬಂದು ಹೀಗೆ ಮಾಡಿದ್ರೆ ಎಲ್ಲ ಮುಗೀತದೆ ಅಂದ. ನನಗೆ ಅಪ್ಪ ಬೇಡವಾ? ಬೇಕು. ಆದ್ರೆ ಇವರು ಇದ್ದಾರಲ್ಲ ಅಮ್ಮ. ಬಿಟ್ಟುಬಿಡಿ."

ನನ್ನ ಹತ್ತಿರ ಒಂದು ಮಾತು ಹೇಳಬಹುದಿತ್ತಲ್ಲ. ಅವಳು ನಿಮಗಾಗಿ ಹೆದರಿದಳು. ಅದು ನನಗೆ ತಿಳಿಯುತ್ತದೆ; ನಾನೂ ಹೆದರಿದೆ. ಆದರೆ ನನ್ನ ಬೆರಳನ್ನು ಬಳಸಿ ಅವರನ್ನು ಕೊಲ್ಲುವುದೆಂದು ಮಗಳೂ ಪ್ರವೀಣನೂ ಕೂತು ಮಾತಾಡಿಕೊಂಡಿದ್ದರು, ಮತ್ತು ನಾನು ಆ ಅಂಗಡಿಯ ಪೂಜೆಗೆ ಪತ್ರೊಡೆ ಮಾಡಿಕೊಂಡು ಹೋಗಿದ್ದೆ. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಹಾಗೆಯೇ ಕಾಣುತ್ತದೆ.

ಎಲೆ ಬಡಿಸುವ ದಿನ ಕುಟುಂಬದ ಮನೆಗೆ ಹೋದೆ. ಹೋಗದೆ ಇದ್ದರೆ ಅವರು ಮಾಡದೆ ಬಿಡುತ್ತಾರೆಯೇ? ಅಂಗಳದಲ್ಲಿ ನಿಮ್ಮ ಅಜ್ಜನ ದೊಡ್ಡ ಫ್ಲೆಕ್ಸ್ ನಿಲ್ಲಿಸಿದ್ದರು. ಮಳೆ ಬಿದ್ದರೂ ಅದರ ಘಾಟು ಹೋಗಿರಲಿಲ್ಲ. ಒಳಗಿನ ಕೋಣೆಯಲ್ಲಿ ಬಾಳೆ ಎಲೆ ಹಾಕಿ ನೀರುದೋಸೆ, ಮರುವಾಯಿ ಸುಕ್ಕ ಬಡಿಸಿದ್ದರು. ಪುಟ ನೋಡಿ ಮಾಡಿದ್ದಂತೆ. ಬಡಿಸಿದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ ಎಂಬ ನಂಬಿಕೆ. ಹಾಗೆ ನಿಂತಿದ್ದಾಗ ಅಣ್ಣ ಬಂದ. ಬಿಳಿ ಅಂಗಿ, ಕೈಯಲ್ಲಿ ಹೂವು. ಎಲ್ಲರೂ ದಾರಿ ಬಿಟ್ಟರು. ಪ್ರವೀಣ ಕೊಡೆ ಹಿಡಿದಿದ್ದ. ಅಣ್ಣ ಫ್ಲೆಕ್ಸಿಗೆ ಹೂವು ಹಾಕಿ, ಕೈ ಮುಗಿದು, ನೇರ ನನ್ನ ಎದುರು ಬಂದು ನಿಂತ.

"ಅಕ್ಕ, ವಾಸಣ್ಣ ನಮ್ಮ ಮನೆಯವರ ಹಾಗೆ ಇದ್ದವರು. ಎಂತ ಬೇಕಿದ್ರೂ ನನ್ನ ಹತ್ರ ಕೇಳಿ."

ಕೇಳಿ ಎಂದನಲ್ಲ, ಕೇಳಿದೆ. ಅಷ್ಟು ಗಂಡಸರ ನಡುವೆ ನಾನು ಬಾಯಿ ತೆರೆದದ್ದು ಅದೊಂದೇ ಸಲ. ತುಳುವಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ತೂಕದ ಕೋಣೆಯ ಹಿಂದೆ ಎಷ್ಟು ಆಳಕ್ಕೆ ಹಾಕಿದ್ದೀರಿ ಅವರನ್ನು?" ಎಂದೆ.

ಅವನ ಮುಖದ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಪ್ರವೀಣನ ಕಡೆ ಹೋಯಿತು. "ಪಾಪ, ಬೇಸರ ತಲೆಗೆ ಏರಿದೆ. ಯಾರಾದ್ರೂ ಒಳಗೆ ಕರ್ಕೊಂಡು ಹೋಗಿ" ಎಂದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಅಷ್ಟು ಜನರಿದ್ದರು, ದೋಣಿಯವರೂ ಇದ್ದರು, ಎಲ್ಲರೂ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಗಿರಿಜತ್ತಿಗೆ ನನ್ನನ್ನು ಹಿಂದಿನ ಜಗಲಿಗೆ ಕರೆದೊಯ್ದು ಕರಿಮಣಿ ಬಿಚ್ಚಿದರು. "ನೀನು ಹೇಳಿದ್ದು ಸತ್ಯವಾ?" ಎಂದು ಕಿವಿಯಲ್ಲಿ ಕೇಳಿದರು. ಹೌದು ಎಂದೆ. "ಹಾಗಾದ್ರೆ ನನ್ನ ಮಗ?" ಎಂದರು. ನಾನು ಕರಿಮಣಿಯನ್ನು ಅವರ ಕೈಯಿಂದ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡೆ. ಅವರು ಮತ್ತೆ ಕೇಳಲೂ ಇಲ್ಲ, ಎಂದೆಂದಿಗೂ.

ಮಳೆ ಕಡಿಮೆಯಾದಾಗ ನಾನೂ ಮೈಮೂನಳೂ ಠಾಣೆಗೆ ಹೋದೆವು. ಅಧಿಕಾರಿ ಕೆಟ್ಟವರಲ್ಲ. ಧ್ವನಿ ಇಲ್ಲ, ಡ್ರೈವರ್ ಸಿಗಲಿಲ್ಲ, ಮನೆಯವರೇ ಕ್ರಿಯೆ ಮಾಡಿದ್ದಾರೆ. "ನೀವೇ ದೀಪ ಇಟ್ಟಿದ್ದೀರಲ್ಲ ಅಮ್ಮ, ನಾನು ಯಾವ ಬಾಯಲ್ಲಿ ಮೇಲೆ ಕೇಳ್ಲಿ?" ಎಂದರು. ಆ ಹೊತ್ತಿಗೆ ಮರಳಿನ ಅಂಗಳಕ್ಕೆ ಕಾಂಕ್ರೀಟು ಬೀಳತೊಡಗಿತ್ತು.

ಮೈಮೂನ ಈಗಲೂ ಫೋನ್ ಮಾಡುತ್ತಾಳೆ. ನೌಫಲನ ಹಾರವನ್ನು ಅವಳು ತೆಗೆಸಿದಳು, ಅಂಗಡಿಯ ಎದುರು ಕುಳಿತು, ದಿನವೂ ಹೋಗಿ, ಅವನ ಗಿರಾಕಿಗಳಿಗೆಲ್ಲ ಕಥೆ ಹೇಳಿ. ನನ್ನಿಂದ ಅಷ್ಟು ಆಗಲಿಲ್ಲ. ಮರುವರ್ಷ ನಿಮ್ಮ ಅಮ್ಮ ನನ್ನನ್ನು ಇಲ್ಲಿಗೆ ಕರೆತಂದಳು. ಅವಳು ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಆ ದಿನದ ಮಾತನ್ನು ನಾವು ಎತ್ತುವುದಿಲ್ಲ. ಪ್ರವೀಣ ದೀಪಾವಳಿಗೆ ಬರುತ್ತಾನೆ, ನಿಮಗೆ ಪಟಾಕಿ ತರುತ್ತಾನೆ, ನೀವು ಅವನ ಹೆಗಲೇರುತ್ತೀರಿ, ನಾನು ಅಡುಗೆ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಅವನು ಒಳಗೆ ಇಣುಕಿ "ಹೇಗಿದ್ದೀರಿ ಮಾಮಿ" ಎನ್ನುತ್ತಾನೆ. "ಉಂಟು" ಎನ್ನುತ್ತೇನೆ. ಅವನ ಜೊತೆ ಮಾತು ಬಿಡಿ ಎಂದು ನಿಮಗೆ ಹೇಳುವುದಿಲ್ಲ. ನೀವು ಮಕ್ಕಳು.

ಆ ಕಾಂಕ್ರೀಟಿನ ಮೇಲೆ ಈಗ ಒಂದು ಮದುವೆ ಹಾಲ್ ಎದ್ದಿದೆ. ತೂಕದ ಕೋಣೆ ಇದ್ದಲ್ಲಿಂದ ಹಿಂದಕ್ಕೆ ಅದರ ಊಟದ ಕೋಣೆ. ನಮ್ಮ ಪೈಕಿಯವರ ಮದುವೆಗಳು ಅಲ್ಲಿ ಆಗುತ್ತವೆ. ನಾನು ಮಂಡಿನೋವು ಎಂದು ಹೇಳಿ ಹೋಗುವುದಿಲ್ಲ. ನೀವು ಇದುವರೆಗೆ ಹೋಗಿಲ್ಲ; ನಾಳೆ ದೊಡ್ಡವರಾದ ಮೇಲೆ ಕರೆ ಬಂದೇ ಬರುತ್ತದೆ. ಆಗ ಹೋಗಬೇಕೋ ಬಾರದೋ ನೀವೇ ನೋಡಿ. ನನ್ನದು ಇಷ್ಟೇ ಮಾತು: ಅಲ್ಲಿ ಊಟಕ್ಕೆ ಕೂರುವ ಮೊದಲು, ನಿಮ್ಮ ಕಾಲ ಕೆಳಗೆ ಯಾರಿದ್ದಾರೆ ಎಂಬುದು ನಿಮಗೆ ಗೊತ್ತಿರಬೇಕು. ಎಂದಾದರೂ ಆ ನೆಲ ಅಗೆಯುವ ದಿನ ಬಂದರೆ ಎಲ್ಲಿ ಅಗೆಯಬೇಕೆಂದು ಹೇಳಲು ನಾನಿರುವುದಿಲ್ಲ. ಅದಕ್ಕೆ ಈ ಹಾಳೆಗಳು. ತನ್ವಿ, ನಿನ್ನ ಹಳೆಯ ಡ್ರಾಯಿಂಗ್ ಪುಸ್ತಕದ ಒಳಗೆ ಇಟ್ಟಿದ್ದೇನೆ, ಅದನ್ನು ಅಮ್ಮ ಬಿಸಾಡುವುದಿಲ್ಲ. ಮಳೆಗಾಲದಲ್ಲಿ ಒಮ್ಮೆ ಹೊರತೆಗೆದು ಗಾಳಿಗೆ ಹಿಡಿಯಿರಿ. ಫೋಟೊ ತೆಗೆದು ಯಾರಿಗೂ ಕಳಿಸಬೇಡಿ. ಹಾಳಾಗದಂತೆ ಇಟ್ಟುಕೊಳ್ಳಿ.